ಕೀಲಿ ಅಕ್ಕಾರ ಗಾಡಿ

೨೧ ನವೆಂಬರ್ ೨೦೨೪, ಗುರುವಾರ

ಇವತ್ತೂ ಬಿದ್ದೆ. ಮುಂದಿನ ಗಾಲಿಯ ಡಿಸ್ಕ್ ಲಾಕ್ ತೆಗೆಯುವುದು ಮರೆತು ಗೇರ್ ಹಾಕಿದೆ. ಗಾಲಿ ಅರ್ಧ ಸುತ್ತಿ ಗಕ್ಕನೆ ನಿಂತಿತು. ಗಾಡಿ ಸಮೇತ ಪಶು ದವಾಖಾನೆಯ ಮೆಟ್ಟಿಲ ಮುಂದೆ ಮಲಗಿದೆ. ಎಮ್ಮೆ ಹಿಡಿದು ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ನಗಲಿ. ಆಮೇಲೆ ಎಮ್ಮೆಗೆ ಸೂಜಿ ಚುಚ್ಚುವವಳು ನಾನೇ.

ಮೊಣಕಾಲು ತರಚಿದೆ. ಅರಿಶಿನ ಹಚ್ಚಿದ್ದೇನೆ. ಆದರೂ ಬೀಗ ಬಿಡುವವಳಲ್ಲ. ಮೊಣಕಾಲಿಗೆ ತೊಗಲು ಮತ್ತೆ ಬರುತ್ತದೆ, ಹೋದ ಗಾಡಿ ಬರುತ್ತದೆಯೇ? ಹಿಂದೆ ಇಂಡಿ ಪಟ್ಟಣದಲ್ಲಿ ಮೀಟಿಂಗ್ ದಿನ ‘ಒಂದು ಸಹಿ ಹಾಕಿ ಬರುವುದು, ಅಷ್ಟಕ್ಕೆ ಹ್ಯಾಂಡಲ್ ಲಾಕ್ ಯಾಕೆ’ ಅಂತ ಒಳಗೆ ಹೋದೆ. ಹೊರಗೆ ಬಂದರೆ ಗಾಡಿ ನಿಲ್ಲಿಸಿದ ಜಾಗದಲ್ಲಿ ಎಣ್ಣೆಯ ಒಂದು ಕಲೆ. ಆ ಕಲೆಯನ್ನೇ ನೋಡುತ್ತಾ ನಿಂತಿದ್ದೆ, ಬಹಳ ಹೊತ್ತು.

ಆಮೇಲಿನ ನಾಲ್ಕು ತಿಂಗಳು ಬಸ್ಸು, ಟಂಟಂ ಆಟೊ, ಯಾರದೋ ಹಿಂದಿನ ಸೀಟು. ಲಸಿಕೆಯ ಐಸ್ ಬಾಕ್ಸ್ ತೊಡೆಯ ಮೇಲೆ ಇಟ್ಟುಕೊಂಡು ರಸ್ತೆ ಬದಿ ಕೈ ಒಡ್ಡಿ ನಿಲ್ಲುವುದು. ‘ಎಲ್ಲಿಗಿ ಹೊಂಟೀರಿ ಮೇಡಂ’ ಅಂತ ನಿಲ್ಲಿಸುವವರೆಲ್ಲ ಒಳ್ಳೆಯವರಲ್ಲ. ಗಾಡಿ ಅಂದರೆ ನನ್ನ ಕಾಲು. ಅದನ್ನೇ ಕಡಿದುಕೊಂಡು ಹೋಗಿದ್ದರು.

ಈಗ ಹೊಸ ಗಾಡಿ, ಮೂರು ಬೀಗ. ಒಂದು, ಹ್ಯಾಂಡಲ್ ಪೂರ್ತಿ ಎಡಕ್ಕೆ ತಿರುಗಿಸಿ ಚಾವಿ ಒತ್ತಿದರೆ ಕಟಕ್. ಎರಡು, ಮುಂದಿನ ಗಾಲಿಗೆ. ಮೂರು, ಹಿಂದಿನ ಗಾಲಿಗೆ ಸರಪಳಿ ಸುತ್ತಿ ಕಂಬಕ್ಕೋ ಗಿಡಕ್ಕೋ. ಆ ಕಟಕ್ ಸದ್ದು ಕೇಳಿದ ಮೇಲೆಯೇ ನನಗೆ ಉಸಿರು.

೨೫ ನವೆಂಬರ್, ಸೋಮವಾರ

ಎಂಥ ಊರಪ್ಪ ಇದು!

ಮೋರಟಗಿಯಿಂದ ಆಚೆ ಬೇವಿನ ವಸ್ತಿ. ಈ ವರ್ಷ ಲಸಿಕೆಗೆ ನನ್ನ ಪಾಲಿಗೆ ಬಂದಿದೆ. ಮನೆಗಳು ಕಡಿಮೆ, ಕುರಿ ಜಾಸ್ತಿ. ಡಾಂಬರು ರಸ್ತೆಯಿಂದ ಒಳಗೆ ಎರೆಮಣ್ಣಿನ ದಾರಿ. ಮಧ್ಯದಲ್ಲಿ ದೊಡ್ಡ ಬೇವಿನ ಗಿಡ, ಸುತ್ತ ಕಲ್ಲಿನ ಕಟ್ಟೆ. ಕಟ್ಟೆ ಮುಂದೆ ಸಾಲಾಗಿ ಬೈಕುಗಳು. ಎಲ್ಲದರಲ್ಲೂ ಚಾವಿ ನೇತಾಡುತ್ತಿದೆ! ಮೊದಲು ಕಣ್ಣನ್ನೇ ನಂಬಲಿಲ್ಲ. ಹತ್ತಿರ ಹೋಗಿ ನೋಡಿದೆ. ಹೌದು, ಚಾವಿ. ಒಂದಕ್ಕಂತೂ ಮನೆಯ ಚಾವಿ ಗೊಂಚಲೂ ಜೊತೆಗೆ.

ನನ್ನ ಗಾಡಿಗೆ ಮೂರೂ ಬೀಗ ಜಡಿದು ಸರಪಳಿಯನ್ನು ಗಿಡದ ಬೇರಿಗೆ ಸುತ್ತುತ್ತಿದ್ದೆ. ಒಬ್ಬ ಬಂದ. ಹೆಗಲ ಮೇಲಿನ ಟವೆಲ್ ತೆಗೆದು ಕಟ್ಟೆಯ ಮೇಲೆ ಇಟ್ಟ, ಅದರ ಮೇಲೊಂದು ಕಲ್ಲು. ಮೂರನೆಯ ಗಾಡಿ ಹತ್ತಿದ, ಹೋಗಿಯೇ ಬಿಟ್ಟ. ಅಷ್ಟರಲ್ಲಿ ಇನ್ನೊಬ್ಬ ಮನೆಯಿಂದ ಬಂದು ಸಾಲು ನೋಡಿದ. ‘ನನ್ನ ಗಾಡಿ ಎಲ್ಲಿ?’ ಅಂದ. ನನಗೆ ಮೈಯೆಲ್ಲ ಬೆಂಕಿ. ಕಳ್ಳ ಕಳ್ಳ ಅಂತ ಕೂಗಿಕೊಂಡೆ. ಹೋದವನ ಬೆನ್ನಿನ ಫೋಟೊ ಬೇರೆ ಹೊಡೆದಿದ್ದೆ. ಪೊಲೀಸರಿಗೆ, ಒನ್ ಒನ್ ಟೂಗೆ ಫೋನ್ ಮಾಡುತ್ತೇನೆ ಅಂದೆ.

ಗಾಡಿಯ ಮಾಲೀಕ ಕಟ್ಟೆಯ ಮೇಲಿನ ಟವೆಲ್ ಎತ್ತಿ ನೋಡಿ, ಹ್ಞಾಂ ಮಾಳಿಂಗ ಒಯ್ದಾನ ಬಿಡ್ರಿ, ಅಂತ ತಂಬಾಕು ತಿಕ್ಕತೊಡಗಿದ. ಅಷ್ಟೇ. ಎದುರು ಮನೆಯ ರೇವವ್ವ, ಹಲ್ಲಿಲ್ಲದ ಮುದುಕಿ, ನಕ್ಕು ನಕ್ಕು ಕೆಮ್ಮಿದಳು.

ಚಹಾ ಕೊಡುತ್ತಾ ಅವಳೇ ಹೇಳಿದಳು. ಇಲ್ಲಿ ಕಟ್ಟೆ ಮುಂದೆ ನಿಂತ ಗಾಡಿ ಯಾರದಾದರೂ ಸರಿ, ಅವಸರ ಇದ್ದವನದು. ರಾತ್ರಿ ಯಾರಿಗೆ ಚೇಳು ಕಡಿಯುತ್ತದೋ, ಯಾರಿಗೆ ಹೆರಿಗೆ ನೋವು ಬರುತ್ತದೋ, ಚಾವಿ ಕೇಳುತ್ತಾ ಮನೆ ಮನೆ ಬಾಗಿಲು ಬಡಿಯುತ್ತಾರೆಯೇ? ಒಯ್ಯುವವನು ತನ್ನದೊಂದು ವಸ್ತು ಬಿಟ್ಟು ಹೋಗಬೇಕು. ಟವೆಲ್, ಕೋಲು, ಚಪ್ಪಲಿ, ಏನಾದರೂ. ಅದು ಗುರುತು. ಬರುವಾಗ ಎಣ್ಣೆ ಹಾಕಿಸಿ, ಒರೆಸಿ, ಇದ್ದಲ್ಲೇ ನಿಲ್ಲಿಸಬೇಕು. ಹಿಂದೆ ಕುದುರೆ ಇದ್ದಾಗಲೂ ಹೀಗೇ ಇತ್ತಂತೆ.

ಕಳವು ಆಗಲಿಲ್ಲವೇ ಯಾವತ್ತೂ, ಅಂದೆ. ‘ಗುರುತಿಲ್ದ ಗಾಡಿ ಹೋದ್ರ ಕಳವು. ಇಲ್ಲೀತನಾ ಹೋಗಿಲ್ಲವಾ’ ಅಂದಳು.

ಕಾಲು ಗಂಟೆಗೆ ಆ ಮಾಳಿಂಗ ವಾಪಸ್ಸು ಬಂದ. ನನ್ನ ಗಾಡಿಯ ಮೂರು ಬೀಗ ಸುತ್ತು ಹಾಕಿ ನೋಡಿದ. ಅಲ್ಲಿಂದ ನಾನು ಕೀಲಿ ಅಕ್ಕಾರ, ಬೀಗದ ಅಕ್ಕ. ಇಟ್ಟ ಹೆಸರು ಹೋಗುವುದಿಲ್ಲ ಇನ್ನು.

೨೭ ನವೆಂಬರ್

ನಿದ್ದೆ ಬರುವವರೆಗೂ ಅದೇ ಸಾಲು ಕಣ್ಣ ಮುಂದೆ. ನೇತಾಡುವ ಚಾವಿಗಳು. ಹುಚ್ಚರೋ ದೇವರೋ ತಿಳಿಯದು.

ಮುದ್ದೇಬಿಹಾಳಕ್ಕೆ ಫೋನ್ ಮಾಡಿ ನಮ್ಮ ಮನೆಯವರಿಗೆ ಹೇಳಿದೆ. ಸಾಲಿ ಮಾಸ್ತರರು, ಎಲ್ಲದಕ್ಕೂ ಒಂದು ಉಪದೇಶ. ಈ ಸಲ ಉಪದೇಶವೂ ಇಲ್ಲ. ‘ನಮ್ಮ ಮನ್ಯಾಗ ನನ್ನ ಫೋನಿಗೂ ನಿನ್ನ ಲಾಕ್ ಐತಿ’ ಅಂದರು. ಫೋನ್ ಇಟ್ಟೆ.

೬ ಡಿಸೆಂಬರ್, ಶುಕ್ರವಾರ

ಸಿಂದಗಿ ಬಸ್ ಸ್ಟ್ಯಾಂಡ್ ಹಿಂದಿನ ಮೋದಿನಸಾಬನ ಗ್ಯಾರೇಜಿಗೆ ಹೋಗಿ ಕಳ್ಳ ಸ್ವಿಚ್ ಹಾಕಿಸಿದೆ. ಸೀಟಿನ ಕೆಳಗೆ ಬೆರಳು ಹಾಯುವಷ್ಟು ಜಾಗ. ಅದನ್ನು ಒತ್ತದಿದ್ದರೆ ಚಾವಿ ಇದ್ದರೂ ಗಾಡಿ ಚಾಲೂ ಆಗದು. ಎಲ್ಲಿದೆ ಅಂತ ಇವರಿಗೂ ಹೇಳಿಲ್ಲ.

ಮೋದಿನಸಾಬ ಹ್ಯಾಂಡಲ್ ಲಾಕ್ ಮುಟ್ಟಿ ನೋಡಿ, ‘ಇದನ್ನ ನಂಬಬ್ಯಾಡ್ರಿ. ಒಳಗ ಬೆರಳಿನಷ್ಟು ಕಬ್ಬಿಣ. ಬ್ಯಾಡ ಅಂತ ಹೇಳತೈತಿ, ಅಷ್ಟ. ಮಾತು ಕೇಳವ್ರಿಗೆ ಸಾಕು’ ಅಂದ. ನನ್ನ ಉಸಿರಿನ ಕಟಕ್ ಅಂದರೆ ಇಷ್ಟೇನಾ.

೨೭ ಡಿಸೆಂಬರ್

ವಸ್ತಿಯ ಕುರಿಗಳಿಗೆಲ್ಲ ಲಸಿಕೆ ಮುಗಿಯಿತು. ಮಾಳಿಂಗನ ಹೆಂಡತಿ ಸಿದ್ದವ್ವ ಕುರಿ ಹಿಡಿಯುವುದು ನೋಡಬೇಕು. ಕಾಲ ನಡುವೆ ಕುರಿ ಸಿಕ್ಕಿಸಿಕೊಂಡು, ಬಾಯಿ ತುಂಬ ಮಾತು. ನನ್ನ ಮೂರು ಬೀಗದ ಮೇಲೆ ಹಾಡು ಬೇರೆ ಕಟ್ಟಿದ್ದಾಳೆ, ಹಾಡಿ ತೋರಿಸಿದಳು. ಇಂಥವಳ ಮೇಲೆ ಸಿಟ್ಟು ಮಾಡುವುದು ಹೇಗೆ? ನಾನೂ ನಕ್ಕೆ.

ಸೋಮವಾರ ಎಳ್ಳ ಅಮಾವಾಸ್ಯೆ. ಚರಗ ಚೆಲ್ಲಲು, ಪೈರಿಗೆ ಎಡೆ ಎರಚಲು, ಬರಲೇಬೇಕು ಅಂತ ಹಟ ಹಿಡಿದಿದ್ದಾರೆ. ನಮ್ಮ ಹೊಲಕ್ಕೆ ಬರಬೇಕು ಅಂತ ಸಿದ್ದವ್ವ, ನಮ್ಮ ಹೊಲಕ್ಕೆ ಅಂತ ರೇವವ್ವ. ಮುದುಕಿ ಗೆದ್ದಳು. ರಜೆ ಹಾಕಿದೆ.

೩೦ ಡಿಸೆಂಬರ್, ಸೋಮವಾರ

ಬರೆಯಲು ಆಗುತ್ತಿಲ್ಲ. ಸಿದ್ದವ್ವ...

೩೧ ಡಿಸೆಂಬರ್, ಬೆಳಿಗ್ಗೆ

ಇವತ್ತು ಬರೆಯುತ್ತೇನೆ.

ನಿನ್ನೆ ಬೆಳಿಗ್ಗೆ ಗಾಡಿಯನ್ನು ಕಟ್ಟೆ ಮುಂದೆ ನಿಲ್ಲಿಸಿ ಯಾವತ್ತಿನಂತೆ ಮೂರೂ ಬೀಗ ಹಾಕಿದೆ. ಚಾವಿ ಬ್ಯಾಗಿನಲ್ಲಿ. ವಸ್ತಿಯ ಗಾಡಿಗಳೆಲ್ಲ ಬುತ್ತಿ ಹೊತ್ತು ಒಂದೊಂದು ದಿಕ್ಕಿನ ಹೊಲಕ್ಕೆ ಹೋಗಿದ್ದವು. ಉಳಿದದ್ದು ನನ್ನದೊಂದೇ. ಮಾಳಿಂಗನ ಹೊಲ ವಸ್ತಿಗೆ ಅಂಟಿಕೊಂಡೇ ಇದೆ, ನಡೆದೇ ಹೋದರು. ನಾನು ರೇವವ್ವನ ಮನೆಯವರ ಜೊತೆ ಚಕ್ಕಡಿ ಹತ್ತಿ ಹಳ್ಳದ ಆಚೆ.

ಎಂಥ ದಿನವಾಗಿತ್ತು! ಎದೆಮಟ್ಟ ಬಿಳಿಜೋಳ, ಹಾಲುಗಾಳು, ಗಾಳಿ. ಪಾಂಡವರಿಗೆ ಅಂತ ಐದು ಕಲ್ಲು ಇಟ್ಟು ಪೂಜೆ. ಸಜ್ಜಿ ಕಡುಬು, ಭಜ್ಜಿ, ಎಳ್ಳು ಹಚ್ಚಿದ ರೊಟ್ಟಿ, ಶೇಂಗಾ ಹೋಳಿಗೆ. ಭೂಮಿತಾಯಿ ಬಸುರಿ, ಅವಳಿಗೆ ಇದು ಬಯಕೆ ಊಟ ಅಂದಳು ರೇವವ್ವ. ಹೊಟ್ಟೆ ಬಿರಿಯುವಷ್ಟು ಉಂಡೆ. ಅಲ್ಲಿ ಫೋನಿಗೆ ನೆಟ್‌ವರ್ಕ್ ಇಲ್ಲ ಅನ್ನುವುದು ಹಿತವಾಗಿಯೇ ಇತ್ತು.

ಹೊತ್ತು ಇಳಿಯುವಾಗ ವಾಪಸ್ಸು ಬಂದೆವು. ವಸ್ತಿಯಲ್ಲಿ ನಾಯಿಯೂ ಇಲ್ಲ. ನನ್ನ ಗಾಡಿಯ ಪಕ್ಕ, ನೆಲದ ಮೇಲೆ, ಮಾಳಿಂಗನ ತಂದೆ ಗುರಲಿಂಗಪ್ಪ ಒಬ್ಬರೇ ಕುಳಿತಿದ್ದರು. ತೊಡೆಯ ಮೇಲೆ ಕೋಲು. ಎಲ್ಲರೂ ಎಲ್ಲಿ ಅಂದೆ.

‘ಸಿದ್ದವ್ವಗ ಹಾವು ಕಚ್ಚೇತ್ರಿ. ಚರಗ ಚೆಲ್ಲೂವಾಗ ಜ್ವಾಳದಾಗ. ಮಾಳಿಂಗ ಹೊತ್ಕೊಂಡು ರೋಡಿಗಿ ಓಡ್ಯಾನ. ಇದ್ದವ್ರೆಲ್ಲ ಬೆನ್ನ ಹತ್ಯಾರ.’

ಗಾಡಿ ನೋಡಿದೆ. ಮೂರು ಬೀಗ. ಮತ್ತೆ ನೀವ್ಯಾಕೆ ಇಲ್ಲಿ ಕುಳಿತಿರಿ, ಅಂದೆ.

‘ನನಗ ಓಡಾಕ ಆಗೂದಿಲ್ಲ. ವಸ್ತಿ ಖಾಲಿ ಆತು. ನಿಮಗ ಈ ಗಾಡಿ ಚಿಂತಿ ಭಾಳ ಅಲ್ರಿ. ಅದಕ್ಕ ಕಾಯಾಕ ಕುಂತೇನಿ.’

ದೇವರೇ. ಸೊಸೆ ಸಾಯುತ್ತಿದ್ದಾಳೆ, ಆಕೆಯನ್ನು ಉಳಿಸಬಹುದಾಗಿದ್ದ ಗಾಡಿ ಬೀಗ ಜಡಿದು ನಿಂತಿದೆ, ಈ ಮನುಷ್ಯ ಅದನ್ನು ನನಗೋಸ್ಕರ ಕಾಯುತ್ತಿದ್ದಾನೆ. ನನ್ನ ಮೂವತ್ತೆಂಟು ವರ್ಷದಲ್ಲಿ ಇಂಥದ್ದು ಕಂಡಿಲ್ಲ, ಕೇಳಿಲ್ಲ. ಕಾಲು ಹಿಡಿಯಬೇಕಿತ್ತು. ಹಿಡಿಯಲಿಲ್ಲ. ಬ್ಯಾಗು ಸುರುವಿ ಚಾವಿ ಹುಡುಕಿದೆ. ಸರಪಳಿ ತೆಗೆದೆ, ಹ್ಯಾಂಡಲ್ ತೆಗೆದೆ, ಗೇರ್ ಹಾಕಿದೆ, ಬಿದ್ದೆ. ಡಿಸ್ಕ್ ಲಾಕ್. ಮುದುಕರು ಕೋಲು ಒಗೆದು ಬಂದು ನನ್ನನ್ನು ಎಬ್ಬಿಸಿ, ‘ಸಾವಕಾಶ ತಂಗಿ, ಸಾವಕಾಶ’ ಅಂದರು. ನನಗೆ!

ರಸ್ತೆಯಲ್ಲಿ ಯಾವುದೋ ಗೂಡ್ಸ್ ಗಾಡಿ ನಿಲ್ಲಿಸಿ ಅವರು ಆಗಲೇ ಹೋಗಿಯಾಗಿತ್ತು. ಸಿಂದಗಿ ದವಾಖಾನೆಯಲ್ಲಿ ಸಿಕ್ಕರು. ಇಂಜೆಕ್ಷನ್ ಹಾಕಿದ್ದಾರೆ. ಬರುವುದು ತಡವಾಗಿದೆ ಅಂದರು ಡಾಕ್ಟರು. ತಡ. ಆ ಒಂದು ಮಾತು. ರಾತ್ರಿಯೇ ವಿಜಯಪುರಕ್ಕೆ ಕಳಿಸಿದರು.

೩ ಜನವರಿ ೨೦೨೫

ವಿಷ ಕಿಡ್ನಿಗೆ ಏರಿದೆಯಂತೆ. ಡಯಾಲಿಸಿಸ್. ಹಾಡು ಕಟ್ಟುವ ಹೆಂಗಸು.

ಇವರು ಬಂದಿದ್ದಾರೆ. ಹಾವನ್ನು ನೀನು ಬಿಟ್ಟೆಯಾ, ನಿನ್ನದೇನು ತಪ್ಪು, ಅನ್ನುತ್ತಾರೆ. ತಪ್ಪಿನ ಮಾತೇ ಅಲ್ಲ ಅಂತ ಇವರಿಗೆ ಹೇಗೆ ತಿಳಿಸಲಿ? ಕಣ್ಣು ಮುಚ್ಚಿದರೆ ಆ ಮುದುಕರು ಕಾಣುತ್ತಾರೆ. ತೊಡೆಯ ಮೇಲೆ ಕೋಲು.

೧೬ ಜನವರಿ, ಗುರುವಾರ

ಬದುಕಿದಳು! ನಿನ್ನೆ ಮನೆಗೆ ಕರೆತಂದರಂತೆ. ರೇವವ್ವನ ಫೋನ್. ಬಸವನ ಬಾಗೇವಾಡಿಯ ತವರಲ್ಲಿದ್ದೆ. ಅವ್ವನ ಎದುರೇ ಅತ್ತುಬಿಟ್ಟೆ. ಅವ್ವ ಗಾಬರಿಯಾಗಿ ಯಾರು ಸತ್ತರು ಅಂದಳು. ಯಾರೂ ಸತ್ತಿಲ್ಲ ಅಂತಲೇ ಅಳುತ್ತಿದ್ದೇನೆ ಅಂದೆ.

ನಾಳೆ ಹೋಗಬೇಕು. ಯಾವ ಮುಖ ಹೊತ್ತು ಹೋಗಲಿ?

೧೭ ಜನವರಿ

ಹೋದೆ. ಸಿದ್ದವ್ವ ಬಿಸಿಲಲ್ಲಿ ಹೊರಸಿನ ಮೇಲೆ ಮಲಗಿದ್ದಳು. ಅರ್ಧ ಆಗಿದ್ದಾಳೆ. ಕಾಲಿಗೆ ಬ್ಯಾಂಡೇಜ್, ಇನ್ನೂ ಊದಿದೆ. ನನ್ನನ್ನು ಕಂಡು, ಕೀಲಿ ಅಕ್ಕಾರ ಬಂದ್ರು, ಚಹಾ ಇಡ್ರಿ, ಅಂದಳು. ಧ್ವನಿ ಮಾತ್ರ ಹಿಂದಿನದೇ.

ಯಾರೂ ಏನೂ ಅನ್ನಲಿಲ್ಲ. ಅದನ್ನೇ ತಡೆದುಕೊಳ್ಳಲಾಗಲಿಲ್ಲ. ಮಾಳಿಂಗನನ್ನು ಕೇಳಿಯೇಬಿಟ್ಟೆ, ಕಲ್ಲು ತಗೊಂಡು ಬೀಗ ಒಡೆಯಬೇಕಿತ್ತಲ್ಲೋ ಅಂತ.

‘ಸ್ಟೇರಿಂಗ್ ಕೀಲಿ ಅಷ್ಟ ಆಗಿದ್ರ ಒಂದ ಜಗ್ಗಿಗಿ ಮುರೀತಿದ್ದೆ. ಗಾಲಿಗಿ ಒಂದು, ಗಿಡಕ್ಕ ಒಂದು. ಅಷ್ಟೂ ಮುರಿಯೂದ್ರಾಗ ರೋಡ್ ಮುಟ್ತೇನಿ ಅನಿಸ್ತು.’ ನೆಲ ನೋಡುತ್ತಾ ಅಂದ, ‘ಮತ್ತ ಕೀಲಿ ಹಾಕಿದ್ದು ಅಂದ್ರ ನೀವು ಬ್ಯಾಡ ಅಂದಂಗ್ರಿ. ಚಾವಿ ಬಿಟ್ಟದ್ದು ಒಯ್ರಿ ಅಂದಂಗ. ಎರಡೂ ಮಾಲಕರ ಮಾತ. ಒಂದು ಕೇಳಿ ಒಂದು ಬಿಟ್ರ ವಸ್ತಿ ನಡೀತೈತೇನ್ರಿ?’

ಸಿಟ್ಟು ಬರಲಿಲ್ಲವೇ ನನ್ನ ಮೇಲೆ?

‘ಬರಲಾರದ ಏನು. ಓಡೂವಾಗ ಭಾಳ ಬೈದೇನಿ. ನಿಮ್ಮ ಮುಂದ ಹೇಳಾಕ ಬರೂದಿಲ್ಲ ಅಂಥಾವು.’

ಹೊರಸಿನ ಮೇಲಿಂದ ಸಿದ್ದವ್ವ, ಎಲ್ಲಾ ಕೇಳೇನಿ, ಸಾಯಾಕತ್ತಿದ್ರೂ ನಗು ಬಂತು, ಅಂದಳು. ಎಲ್ಲರೂ ನಕ್ಕರು. ಗುರಲಿಂಗಪ್ಪನೂ. ನಾನು ನಗುತ್ತಾ ಅಳುತ್ತಾ ಚಹಾ ಚೆಲ್ಲಿಕೊಂಡೆ. ಆ ಬೈಗುಳ ಕೇಳಿ ಎದೆಯ ಮೇಲಿನ ಕಲ್ಲು ಇಳಿಯಿತು. ದೇವರಲ್ಲ, ಮನುಷ್ಯರು. ಮನುಷ್ಯರಾಗಿದ್ದುಕೊಂಡು ಹೀಗಿದ್ದಾರೆ ಅನ್ನುವುದೇ ಅಚ್ಚರಿ.

ಹೊರಡುವ ಮೊದಲು ಎಲ್ಲರನ್ನೂ ಕಟ್ಟೆಗೆ ಕರೆದು ಕಳ್ಳ ಸ್ವಿಚ್ ತೋರಿಸಿದೆ. ಸೀಟಿನ ಕೆಳಗೆ ಬೆರಳು ಹಾಕಿ ಒಬ್ಬೊಬ್ಬರೂ ಒತ್ತಿ ನೋಡಿದರು. ಗಂಡನಿಗೂ ಹೇಳದ ಜಾಗ ಈಗ ಇಡೀ ವಸ್ತಿಗೆ ಗೊತ್ತು.

೨೨ ಜನವರಿ

ಮನಸ್ಸು ಒಪ್ಪಿದೆ, ಕೈ ಒಪ್ಪುತ್ತಿಲ್ಲ. ಕಟ್ಟೆ ಮುಂದೆ ಗಾಡಿ ನಿಲ್ಲಿಸಿದ ಕೂಡಲೇ ಹ್ಯಾಂಡಲ್ ತಾನೇ ಎಡಕ್ಕೆ ಹೊರಳುತ್ತದೆ. ಇವತ್ತು ಚಾವಿ ಬಿಟ್ಟು ನಾಲ್ಕು ಹೆಜ್ಜೆ ಹೋದೆ, ವಾಪಸ್ಸು ಬಂದೆ, ಮತ್ತೆ ಹೋದೆ. ರೇವವ್ವ ಬಾಗಿಲಲ್ಲಿ ಕುಳಿತು, ‘ಕರು ಬಿಟ್ಟು ಹೋಗೂ ಆಕಳಂಗ ಮಾಡಬ್ಯಾಡ, ನಡಿ’ ಅಂದಳು.

ಕುರಿ ನೋಡುವಾಗಲೆಲ್ಲ ಬೆನ್ನು ಚುಳುಚುಳು. ಬಂದು ನೋಡಿದರೆ ಗಾಡಿ ಇದ್ದಲ್ಲೇ ಇತ್ತು. ಯಾರಿಗೂ ಬೇಕಾಗಿರಲಿಲ್ಲ. ಸ್ವಲ್ಪ ಬೇಜಾರೂ ಆಯಿತು, ಸುಳ್ಳು ಯಾಕೆ ಹೇಳಲಿ.

೪ ಫೆಬ್ರವರಿ, ಮಂಗಳವಾರ

ಒಯ್ದರು! ನನ್ನ ಗಾಡಿ ಒಯ್ದರು!

ಕಟ್ಟೆಯ ಮೇಲೆ ಒಂದು ಕಂಬಳಿ, ಅದರ ಮೇಲೆ ಕಲ್ಲು. ಯಾರದು ಅಂತ ಕೇಳಲೂ ಇಲ್ಲ. ಕಂಬಳಿ ಹಾಸಿಕೊಂಡು ಅದರ ಮೇಲೇ ಕುಳಿತೆ. ಮೊದಲು ಎದೆ ಧಸಕ್ಕೆಂದಿತು, ಆಮೇಲೆ ಏನೋ ಒಂದು ತಂಪು. ಇಂಡಿಯ ಎಣ್ಣೆಯ ಕಲೆ ನೆನಪಾಯಿತು. ಅಲ್ಲೂ ಖಾಲಿ ಜಾಗ, ಇಲ್ಲೂ ಖಾಲಿ ಜಾಗ. ಎಷ್ಟು ಬೇರೆ ಬೇರೆ!

ಗಾಡಿ ಬಂತು. ಪೆಟ್ರೋಲ್ ಟಾಕಿ ತುಂಬಿತ್ತು. ಗಾಲಿಯ ಎರೆಮಣ್ಣು ಕೆರೆದು ತೊಳೆದಿದ್ದರು. ನಾನು ಯಾವತ್ತೂ ತೊಳೆದಿಲ್ಲ ಅಷ್ಟು ಚೊಕ್ಕ.

ಸಿಂದಗಿಯಲ್ಲಿ ಮಾತ್ರ ಮೂರೂ ಬೀಗ ಹಾಕುತ್ತೇನೆ. ಹುಚ್ಚಿ ಏನಲ್ಲ.

೨೦ ಫೆಬ್ರವರಿ, ಗುರುವಾರ, ಸಂಜೆ

ವಸ್ತಿಯ ಕಟ್ಟೆಯ ಮೇಲೆ ಕುಳಿತು ಬರೆಯುತ್ತಿದ್ದೇನೆ. ಬೇರೆ ಏನು ಮಾಡಲಿ?

ಕುರಿ ನೋಡಿ ಬಂದೆ. ಗಾಡಿ ಇಲ್ಲ. ನಕ್ಕು ಗುರುತು ಹುಡುಕಿದೆ. ಕಟ್ಟೆಯ ಮೇಲೆ ಏನೂ ಇಲ್ಲ. ಕೆಳಗೆ ನೋಡಿದೆ, ಗಿಡದ ಹಿಂದೆ ನೋಡಿದೆ. ಟವೆಲ್ ಇಲ್ಲ, ಕೋಲಿಲ್ಲ, ಒಂದು ಚಪ್ಪಲಿಯೂ ಇಲ್ಲ. ಬೇರೆ ಗಾಡಿಗಳೆಲ್ಲ ಜೋಳದ ರಾಶಿಯ ಕೆಲಸಕ್ಕೆ ಹೋಗಿವೆ. ನನ್ನದೊಂದೇ ಇತ್ತು.

ಜೋಳ ಕೀಳಲು ಹೊರಗಿನ ಗ್ಯಾಂಗ್ ಬಂದಿದೆ, ಮೂರು ದಿನದಿಂದ. ಗುರುತಿಲ್ಲದ ಮುಖಗಳು. ಹಳೆಯ ಸಾಮಾನಿನ ಟೆಂಪೊ ಬೇರೆ ಮಧ್ಯಾಹ್ನ ಬಂದು ಹೋಯಿತಂತೆ, ಎತ್ತಿ ಹಾಕಿಕೊಂಡರೆ ಕಳ್ಳ ಸ್ವಿಚ್ಚೂ ಅಡ್ಡ ಬರದು. ಕಟಕ್ ಅಂತ ಒಂದು ಸಲ ಒತ್ತಿದ್ದರೆ... ಬೈದುಕೊಂಡೆ. ಒನ್ ಒನ್ ಟೂ ಒತ್ತಲು ಫೋನ್ ತೆಗೆದೆ.

ರೇವವ್ವ ನಿದ್ದೆಯಿಂದ ಎದ್ದು ಬಂದಳು. ಅವಳೂ ಕಟ್ಟೆಯೆಲ್ಲ ತಡವಿ ನೋಡಿದಳು. ಮುಖ ಸಣ್ಣಗಾಯಿತು. ಕಳವೇ ಅಲ್ಲವೇನು ಅಂದೆ. ಕಟ್ಟೆಯ ಮೇಲೆ ಕುಳಿತಳು.

‘ಕಳವಾದ್ರೂ ಆಗಿರಬೇಕು. ಇಲ್ಲಂದ್ರ ಕಾಲಾನ ಚಪ್ಪಲಿ ಬಿಡಾಕೂ ಪುರಸೊತ್ತು ಇರಲಿಲ್ಲವಾ ಯಾರಿಗೋ’ ಅಂದಳು.

ಆಗಿನಿಂದ ಇಬ್ಬರೂ ಮಣ್ಣಿನ ದಾರಿ ನೋಡುತ್ತಿದ್ದೇವೆ. ಮಾಳಿಂಗನ ಮನೆಗೆ ಹೋಗಿ ಬಂದೆ. ಬಾಗಿಲು ಪೂರ್ತಿ ತೆರೆದು ಹಾರು ಹೊಡೆದಿದೆ, ಒಲೆಯ ಮೇಲೆ ಹಾಲು ಉಕ್ಕಿ ಹೊತ್ತಿದೆ. ಹೊರಸು ಖಾಲಿ. ಸಿದ್ದವ್ವನ ಕಾಲು ನಿನ್ನೆಯಿಂದ ಮತ್ತೆ ಊದಿತ್ತಂತೆ, ರೇವವ್ವ ಈಗ ಹೇಳುತ್ತಾಳೆ. ಅವರ ಫೋನ್ ಹತ್ತುತ್ತಿಲ್ಲ. ಹೊಲಕ್ಕೆ ಹೋಗಿರಬಹುದು. ಹಾಲು ಮರೆತು ಹೋಗಿರಬಹುದು. ಎಲ್ಲರೂ ಮರೆಯುತ್ತಾರೆ.

ಒನ್ ಒನ್ ಟೂ ಒತ್ತಲಿಲ್ಲ. ಫೋನ್ ಕೈಯಲ್ಲೇ ಇದೆ.

ಯಾವ ದೇವರಿಗಾದರೂ ಇಂಥ ಹರಕೆ ಯಾರಾದರೂ ಹೊತ್ತಿದ್ದಾರೋ ಇಲ್ಲವೋ. ಕಳವೇ ಆಗಿರಲಿ. ಕಳ್ಳನೇ ಒಯ್ದಿರಲಿ. ಟೆಂಪೊದವನೋ ಗ್ಯಾಂಗಿನವನೋ, ಗಾಡಿ ಬಿಚ್ಚಿ ತುಂಡು ತುಂಡು ಮಾರಿಕೊಳ್ಳಲಿ. ಮತ್ತೆ ಟಂಟಂ ಹತ್ತುತ್ತೇನೆ, ಐಸ್ ಬಾಕ್ಸ್ ತೊಡೆಯ ಮೇಲೆ ಇಟ್ಟುಕೊಳ್ಳುತ್ತೇನೆ. ಕಳ್ಳ ಒಯ್ದಿರಲಿ, ನಮ್ಮಪ್ಪಾ, ಕಳ್ಳನೇ...

ದಾರಿಯ ಕೊನೆಗೆ ದೂಳು. ಗಾಡಿಯ ಸದ್ದು. ನನ್ನದೇ ಸೈಲೆನ್ಸರ್. ಹಿಂದೆ ಯಾರೋ ಕುಳಿತಂತೆ ಕಾಣುತ್ತದೆ, ರೇವವ್ವ ಎದ್ದು ನಿಂತಳು, ಹಿಂದೆ ಕುಳಿತವರು ಸಿದ್ದವ್ವನೋ, ಅಲ್ಲವೋ...